ಶಿಬಿರದ ವರದಿಯಿಂದ ಲೇಖನದವರೆಗೆ

ಪ್ರಶ್ನೆ: ಸಕಲೇಶಪುರದ ಹತ್ತಿರ ಶಾಲಾ ಮಕ್ಕಳಿಗಾಗಿ ಹಳ್ಳ, ಕಾಡು, ಕಾಫಿ ತೋಟಗಳಲ್ಲಿ ಕಲಿಕಾ ಶಿಬಿರಗಳನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಹೊರಾಂಗಣ ಕಲಿಕೆಯನ್ನೇ ವೃತ್ತಿಯಾಗಿಸಿಕೊಂಡವರಿಗಾಗಿ ಬರುವ ತ್ರೈಮಾಸಿಕ ಪತ್ರಿಕೆಯೊಂದಕ್ಕೆ ಹಳ್ಳದ ಜೀವಿಗಳ ವೀಕ್ಷಣೆಯ ಬಗ್ಗೆ ಬರೆದು ಕಳುಹಿಸಿದ್ದೆ. ‘ಇದು ವರದಿಯಾಗಿದೆ, ಲೇಖನವಾಗಿಲ್ಲ’ ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಅದು ವಾಪಸು ಬಂತು. ಕರಡನ್ನು ಜೊತೆಗಿರಿಸಿದ್ದೇನೆ. ಎಲ್ಲಿ ಎಡವಿದ್ದೇನೆ? ಶಿಕ್ಷಣ ಸಿದ್ಧಾಂತಗಳನ್ನು ಎಷ್ಟರಮಟ್ಟಿಗೆ ತರಬೇಕು? ಅವಘಡಗಳ ಬಗ್ಗೆ ಬರೆಯಬಹುದೇ? ಮಕ್ಕಳ ಫೋಟೊ ಕಳುಹಿಸಬಹುದೇ? ನಮ್ಮ ಜೊತೆ ಬರುವ ಊರಿನ ಮಾರ್ಗದರ್ಶಕರು ಹೇಳಿಕೊಟ್ಟದ್ದನ್ನು ಬರೆದಾಗ ಅವರ ಹೆಸರು ಎಲ್ಲಿ ಬರಬೇಕು?

ಉತ್ತರ: ನಿಮ್ಮ ಕರಡನ್ನು ಓದಿದೆ, ಸಂಪಾದಕರ ಟಿಪ್ಪಣಿ ಒರಟಾಗಿದ್ದರೂ ಸರಿಯಾಗಿಯೇ ಇದೆ. ಆದರೆ ಅವರು ಹೇಳದೆ ಬಿಟ್ಟ ಸಂಗತಿಯೊಂದಿದೆ: ನಿಮ್ಮ ವರದಿಯೊಳಗೆ ಒಳ್ಳೆಯ ಲೇಖನವೊಂದು ಒಂದೇ ವಾಕ್ಯದಲ್ಲಿ ಮುದುಡಿ ಕುಳಿತಿದೆ. ಅದಕ್ಕೆ ಬರುವ ಮೊದಲು, ಇಂಥ ಪತ್ರಿಕೆಯನ್ನು ಯಾರು ಓದುತ್ತಾರೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ.

ಸುಧಾ, ಮಯೂರದಂಥ ಪತ್ರಿಕೆಗಳ ಓದುಗರು ಮನೆಯಲ್ಲಿ ಕುಳಿತು ನಿಮ್ಮ ಜೊತೆ ಕಾಡಿಗೆ ಬರಲು ಸಿದ್ಧರಾಗಿರುತ್ತಾರೆ; ಅವರಿಗೆ ಮಂಜು, ಮಳೆ, ಮಕ್ಕಳ ನಗು ಎಲ್ಲವೂ ಬೇಕು. ಹೊರಾಂಗಣ ಕಲಿಕೆಯವರ ಪತ್ರಿಕೆಯನ್ನು ಓದುವವರು ಮುಂದಿನ ವಾರ ತಾವೇ ಮೂವತ್ತು ಮಕ್ಕಳನ್ನು ಕರೆದುಕೊಂಡು ಯಾವುದೋ ಹಳ್ಳದ ದಡದಲ್ಲಿ ನಿಲ್ಲಬೇಕಾದವರು. ಮಕ್ಕಳು ಖುಷಿಪಡುತ್ತಾರೆ ಎಂಬುದು ಅವರಿಗೆ ಗೊತ್ತು. ಅದಕ್ಕಾಗಿಯೇ ಅವರು ಈ ಕೆಲಸಕ್ಕೆ ಬಂದಿದ್ದಾರೆ. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಔಟ್‌ಡೋರ್ ಲರ್ನಿಂಗ್ ಹೊರತರುವ ‘ಹೊರೈಜನ್ಸ್’ನಂಥ ವೃತ್ತಿಪರ ಪತ್ರಿಕೆಗಳೂ, ನಮ್ಮಲ್ಲಿ ಸಣ್ಣ ಪ್ರಮಾಣದಲ್ಲಿ ಬರುವ ಪತ್ರಿಕೆಗಳೂ ನಡೆಯುವುದು ಒಂದೇ ನಂಬಿಕೆಯ ಮೇಲೆ: ಕ್ಷೇತ್ರದಲ್ಲಿ ಕೆಲಸ ಮಾಡುವವರು ಅಂಥದ್ದೇ ಕೆಲಸ ಮಾಡುವ ಇನ್ನೊಬ್ಬರಿಗೆ ಬರೆಯುತ್ತಾರೆ ಎಂಬ ನಂಬಿಕೆ. ಆ ಇನ್ನೊಬ್ಬರು ನಿಮ್ಮಿಂದ ತಿಳಿಯಬಯಸುವುದು ನೀವು ಯಾವ ಘಳಿಗೆಯಲ್ಲಿ ಏನು ನಿರ್ಧರಿಸಿದಿರಿ, ಏನನ್ನು ನೋಡಿ ನಿರ್ಧರಿಸಿದಿರಿ, ಅದರಿಂದ ಏನಾಯಿತು ಎಂಬುದನ್ನು. ಒಂದು ಲೇಖನಕ್ಕೆ ಇಂಥ ಒಂದು ನಿರ್ಧಾರ ಸಾಕು. ನಿಮ್ಮ ಮೂರು ದಿನಗಳ ಶಿಬಿರದಲ್ಲಿ ಐದು ಲೇಖನಗಳಿರಬಹುದು, ಆದರೆ ಐದನ್ನೂ ಒಂದರಲ್ಲಿ ತುಂಬಿದರೆ ಒಂದೂ ಇರುವುದಿಲ್ಲ.

ಈಗ ನಿಮ್ಮ ಕರಡಿನ ಈ ಭಾಗವನ್ನು ನೋಡಿ:

‘ಬೆಳಗ್ಗೆ 9 ಗಂಟೆಗೆ ಮುಖ್ಯ ಶಿಕ್ಷಕರು ಶಿಬಿರವನ್ನು ಉದ್ಘಾಟಿಸಿದರು. ನಂತರ 32 ಮಕ್ಕಳು ಹಳ್ಳಕ್ಕೆ ತೆರಳಿ ಜಲಚರಗಳನ್ನು ವೀಕ್ಷಿಸಿದರು. ಮಕ್ಕಳು ಅತ್ಯಂತ ಉತ್ಸಾಹದಿಂದ ಪಾಲ್ಗೊಂಡು ಪ್ರಕೃತಿಯ ಮಹತ್ವವನ್ನು ಅರಿತುಕೊಂಡರು. ಮಧ್ಯೆ ಹವಾಮಾನ ಬದಲಾದ ಕಾರಣ ಚಟುವಟಿಕೆಯನ್ನು ದಡದಲ್ಲಿ ಮುಂದುವರಿಸಲಾಯಿತು.’

ನಿಮ್ಮ ಲೇಖನ ಇರುವುದು ಆ ಕೊನೆಯ ವಾಕ್ಯದಲ್ಲಿ. ಹವಾಮಾನ ಹೇಗೆ ಬದಲಾಯಿತು, ಅದನ್ನು ಮೊದಲು ಕಂಡವರು ಯಾರು, ಮಕ್ಕಳನ್ನು ಮೇಲಕ್ಕೆ ಕರೆಯಲು ನಿರ್ಧರಿಸಿದವರು ಯಾರು, ದಡದಲ್ಲಿ ಮುಂದುವರಿಸಿದ್ದು ಹೇಗೆ ಎಂಬ ನಾಲ್ಕು ಪ್ರಶ್ನೆಗಳನ್ನು ‘ಮುಂದುವರಿಸಲಾಯಿತು’ ನುಂಗಿಹಾಕಿದೆ. ಇಲಾಖೆಗೆ, ಪ್ರಾಯೋಜಕರಿಗೆ, ಶಾಲೆಯ ಆಡಳಿತ ಮಂಡಳಿಗೆ ವರದಿ ಬರೆದು ಬರೆದು ನಮಗೆಲ್ಲ ಈ ಧಾಟಿ ಕೈಗೆ ಹತ್ತಿಬಿಟ್ಟಿದೆ. ಅಲ್ಲಿ ಕರ್ತೃವನ್ನು ಮರೆಮಾಡುವುದು ವಿನಯವೆನಿಸುತ್ತದೆ. ಇಲ್ಲಿ ಅದು ಓದುಗರಿಗೆ ಬೇಕಾದ ಮಾಹಿತಿಯನ್ನೇ ತಡೆಹಿಡಿದಂತಾಗುತ್ತದೆ.

ಇದೇ ಸಂಗತಿಯನ್ನು ನನಗೆ ಬರೆದ ಪತ್ರದಲ್ಲಿ ನೀವು ಎಷ್ಟೋ ಚೆನ್ನಾಗಿ ಹೇಳಿದ್ದೀರಿ. ಆ ಪತ್ರದ ವಿವರಗಳನ್ನೇ ಬಳಸಿ ಬರೆದರೆ ಹೀಗಾಗುತ್ತದೆ:

‘ನಮ್ಮ ತಲೆಯ ಮೇಲೆ ಬಿಸಿಲಿತ್ತು, ಮೇಲಿನ ಗುಡ್ಡದ ಕಡೆ ಮಾತ್ರ ಕಪ್ಪಿಟ್ಟಿತ್ತು. ಅಲ್ಲಿಯವರೆಗೆ ತಿಳಿಯಾಗಿದ್ದ ನೀರಿನಲ್ಲಿ ತರಗೆಲೆ, ಪುಡಿಕಡ್ಡಿಗಳು ತೇಲಿ ಬರತೊಡಗಿದ್ದನ್ನು ನಮ್ಮ ಮಾರ್ಗದರ್ಶಕರು ಮೊದಲು ಗಮನಿಸಿದರು. ನೀರಿನ ಮಟ್ಟ ಇನ್ನೂ ಏರಿರಲಿಲ್ಲ. ಆದರೂ ಮಕ್ಕಳನ್ನು ಆಗಲೇ ದಡ ಹತ್ತಿಸಲು ನಿರ್ಧರಿಸಿದೆ. ಅಷ್ಟರಲ್ಲಿ ತಟ್ಟೆಗೆ ಬಂದಿದ್ದ ಕೆಲವೇ ಹುಳುಗಳನ್ನು ಮೂರು ಬಿಳಿ ತಟ್ಟೆಗಳಿಗೆ ಹಂಚಿ, ಎತ್ತರದ ಬಂಡೆಯ ಮೇಲಿಟ್ಟು, ಮಕ್ಕಳು ಸರದಿಯಂತೆ ನೋಡಿ ಚಿತ್ರ ಬರೆಯುವಂತೆ ಮಾಡಿದೆವು. ನೀರಿನಲ್ಲಿದ್ದಾಗ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡುತ್ತಿದ್ದ ಮಕ್ಕಳು ಈಗ ಒಂದೇ ಹುಳುವಿನ ಬಾಲದ ಎಳೆಗಳನ್ನು ಎಣಿಸುತ್ತಾ ಕುಳಿತರು.’

ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ. ಎರಡು ಸಂಗತಿಗಳು ತಾವಾಗಿಯೇ ಮೇಲೆ ಬಂದಿವೆ. ಮೊದಲನೆಯದು ಸುರಕ್ಷತೆಯದು: ಘಟ್ಟದ ಅಂಚಿನ ಹಳ್ಳಗಳಲ್ಲಿ ನಮ್ಮ ಮೇಲಿನ ಆಕಾಶವನ್ನು ನೋಡಿ ನೀರನ್ನು ಅಳೆಯಲಾಗದು, ಮೇಲ್ಭಾಗದಲ್ಲಿ ಸುರಿದ ಮಳೆ ಬಿಸಿಲಿರುವ ಜಾಗಕ್ಕೆ ನೀರನ್ನು ನುಗ್ಗಿಸುತ್ತದೆ, ಮಟ್ಟ ಏರುವ ಮೊದಲೇ ತೇಲಿ ಬರುವ ಕಸ ಮತ್ತು ಬಣ್ಣ ಸೂಚನೆ ಕೊಡಬಹುದು. ಎರಡನೆಯದು ಕಲಿಕೆಯದು: ಅನಿವಾರ್ಯವಾಗಿ ಮಾಡಿದ ಬದಲಾವಣೆಯಿಂದ ಮಕ್ಕಳ ನೋಟ ಹೆಚ್ಚು ನಿಧಾನವಾಯಿತು. ಮೂರು ಬಾಲದೆಳೆಗಳಿರುವುದು ಬಹುಪಾಲು ಮೇಫ್ಲೈ ಎಂಬ ಕೀಟದ ಮರಿ, ಎರಡಿರುವುದು ಸ್ಟೋನ್‌ಫ್ಲೈ ಮರಿಯಾಗಿರಬಹುದು, ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡದ್ದು ಕ್ಯಾಡಿಸ್ ಹುಳು ಎಂಬ ಭೇದಗಳು ಓಡಾಡುವ ಕಾಲುಗಳಿಗೆ ಸಿಕ್ಕುವುದಿಲ್ಲ, ಕುಳಿತ ಕಣ್ಣಿಗೆ ಸಿಕ್ಕುತ್ತವೆ. ಈ ಗುಂಪಿನ ಕೀಟಗಳಲ್ಲಿ ಹೆಚ್ಚಿನವು ಕೊಳೆ ನೀರನ್ನು ಸಹಿಸಲಾರವು ಎಂಬುದರಿಂದಲೇ ನೀರಿನ ಗುಣವನ್ನು ಅಂದಾಜು ಮಾಡಲು ಅವನ್ನು ಬಳಸುತ್ತಾರೆ. ನಿಮ್ಮ ಚಟುವಟಿಕೆಯ ಉದ್ದೇಶವೂ ಅದೇ ಆಗಿದ್ದರಿಂದ ಈ ವಿವರ ಲೇಖನದಲ್ಲಿ ಇರಲೇಬೇಕು.

ಇಲ್ಲಿಂದ ಮುಂದೆ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನೀವೇ ಊಹಿಸಿ ಉತ್ತರಿಸಬೇಕು. ಹಳ್ಳದ ಸ್ವಭಾವ ಬಲ್ಲ ಮಾರ್ಗದರ್ಶಕರು ಜೊತೆಗಿಲ್ಲದವರು ಏನು ಮಾಡಬೇಕು? ನೀರಿಗಿಳಿಯುವ ಮೊದಲು ಅಂಚಿನಲ್ಲಿ ಕಡ್ಡಿಯೊಂದನ್ನು ನೆಟ್ಟು, ಅದನ್ನು ಗಮನಿಸುವುದಕ್ಕೆಂದೇ ಒಬ್ಬ ಹಿರಿಯರನ್ನು ನಿಲ್ಲಿಸಿ, ಗುರುತು ಮುಳುಗಿದರೆ ಅಥವಾ ಬಣ್ಣ ಕದಡಿದರೆ ಚರ್ಚೆಯಿಲ್ಲದೆ ಎಲ್ಲರೂ ಮೇಲೆ ಬರುವುದೆಂಬ ನಿಯಮವನ್ನು ಮೊದಲೇ ಹೇಳಿಡುವುದು ಒಂದು ದಾರಿ. ಎಷ್ಟು ಮಕ್ಕಳಿಗೆ ಎಷ್ಟು ಹಿರಿಯರಿದ್ದರು, ನೀರು ಮೊಣಕಾಲಿಗೆ ಬರುತ್ತಿತ್ತೋ ಪಾದಕ್ಕೋ, ಕಲ್ಲುಗಳನ್ನು ಮಗುಚಿದ ಮೇಲೆ ಮೊದಲಿದ್ದಂತೆಯೇ ಇಡಿಸಿದಿರಾ, ಹತ್ತಿರದ ವಾಹನದ ರಸ್ತೆ ಎಷ್ಟು ದೂರ, ಮೊಬೈಲ್ ಸಿಗ್ನಲ್ ಸಿಗುತ್ತಿತ್ತೇ ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆಯಿರಿ. ಧಾರವಾಡದಲ್ಲೋ ಬಳ್ಳಾರಿಯಲ್ಲೋ ಕುಳಿತು ಓದುವವರಿಗೆ ಹೇಮಾವತಿಯ ಹೆಸರಿಗಿಂತ ಈ ಸಾಲುಗಳೇ ನಿಮ್ಮ ಸ್ಥಳವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ. ಉದ್ಘಾಟನೆ, ಸ್ವಾಗತ, ವಂದನಾರ್ಪಣೆಗಳನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ.

‘ಪ್ರಕೃತಿಯ ಮಹತ್ವವನ್ನು ಅರಿತುಕೊಂಡರು’ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಅರಿತುಕೊಂಡರು ಎಂಬುದು ನಿಮಗೆ ಹೇಗೆ ತಿಳಿಯಿತು? ಬಸ್ಸು ಹತ್ತುವ ಮುನ್ನ ತುಂಬಿಸಿಕೊಂಡ ಅಭಿಪ್ರಾಯ ಪತ್ರಗಳಲ್ಲಿ ಎಲ್ಲ ಮಕ್ಕಳೂ ‘ತುಂಬಾ ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಊಟ ಚೆನ್ನಾಗಿದ್ದರೂ ಹಾಗೆಯೇ ಬರೆಯುತ್ತಾರೆ. ಆತ್ಮವಿಶ್ವಾಸ ಹೆಚ್ಚಿತು, ತಂಡಸ್ಫೂರ್ತಿ ಬೆಳೆಯಿತು ಎಂಬ ಮಾತುಗಳು ನನ್ನ ಕೈಗೆ ಬರುವ ಕರಡುಗಳಲ್ಲೆಲ್ಲ ಇರುತ್ತವೆ, ಆಧಾರ ಮಾತ್ರ ಅಪರೂಪಕ್ಕೆ ಕಾಣುತ್ತದೆ. ಬೇರೆ ದಾರಿ ಕಷ್ಟದ್ದೇನಲ್ಲ. ಶಿಬಿರವಾದ ಕೆಲವು ವಾರಗಳ ನಂತರ ಶಾಲೆಗೆ ಹೋಗಿ, ಮೊದಲೇ ಏನನ್ನೂ ನೆನಪಿಸದೆ, ಹಳ್ಳದ ಚಿತ್ರ ಬರೆಯಲು ಹೇಳಿ. ಶಿಬಿರಕ್ಕೆ ಬರುವ ಮೊದಲು ಅದೇ ಮಕ್ಕಳಿಂದ ಬರೆಸಿಟ್ಟುಕೊಂಡ ಚಿತ್ರಗಳಿದ್ದರೆ ಎರಡನ್ನೂ ಪಕ್ಕಪಕ್ಕ ಇಡಿ. ಮೊದಲ ಚಿತ್ರದಲ್ಲಿ ಮೀನು ಮತ್ತು ತಾವರೆ ಮಾತ್ರ ಇದ್ದು, ಎರಡನೆಯದರಲ್ಲಿ ಕಲ್ಲಿನ ಅಡಿಭಾಗವನ್ನು ಮಕ್ಕಳು ಬರೆದಿದ್ದರೆ ನಿಮಗೆ ಹೇಳಲು ಗಟ್ಟಿಯಾದ ಸಂಗತಿಯೊಂದು ಸಿಕ್ಕಿತು. ಏನೂ ಬದಲಾಗದಿದ್ದರೆ ಅದನ್ನೂ ಬರೆಯಿರಿ. ವೃತ್ತಿಪರ ಓದುಗರಿಗೆ ಅದರಿಂದ ಆಗುವ ಉಪಕಾರ ಕಡಿಮೆಯೇನಲ್ಲ. ಒಂದೇ ಶಾಲೆಯ ಒಂದೇ ಗುಂಪಿನಲ್ಲಿ ಕಂಡದ್ದನ್ನು ಮಕ್ಕಳೆಲ್ಲರ ಮೇಲೆ ಹೇರಬೇಡಿ, ‘ಈ ಗುಂಪಿನಲ್ಲಿ ಹೀಗಾಯಿತು’ ಎಂದಷ್ಟೇ ಹೇಳಿ.

ಸಿದ್ಧಾಂತದ ವಿಷಯ. ಶಿಕ್ಷಣತಜ್ಞ ಕರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಹೊರಾಂಗಣ ಸಾಹಸ ಶಾಲೆಯನ್ನು ಆರಂಭಿಸಿದ್ದನ್ನು, ಡೇವಿಡ್ ಕೋಲ್ಬ್ 1984ರಲ್ಲಿ ಪ್ರತಿಪಾದಿಸಿದ ಅನುಭವ, ಅವಲೋಕನ, ಪರಿಕಲ್ಪನೆ, ಪ್ರಯೋಗ ಎಂಬ ನಾಲ್ಕು ಹಂತಗಳ ಕಲಿಕಾ ಚಕ್ರವನ್ನು ಈ ಪತ್ರಿಕೆಯ ಓದುಗರು ತಮ್ಮ ಮೊದಲ ತರಬೇತಿಯಲ್ಲೇ ಕೇಳಿರುತ್ತಾರೆ. ನೀವು ಮೊದಲ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೀರಿ, ಅಷ್ಟೂ ತೆಗೆಯಬಹುದು. ಆದರೆ ಹಳ್ಳದ ದಡದಲ್ಲಿ ಮಕ್ಕಳು ಕುಳಿತು ಚಿತ್ರ ಬರೆದದ್ದು ಅವಲೋಕನದ ಹಂತಕ್ಕೆ ನೀವು ಎಂದೂ ಕೊಡದಿದ್ದ ಸಮಯವನ್ನು ಕೊಟ್ಟಿತು, ಆಮೇಲಿನ ಶಿಬಿರಗಳ ವೇಳಾಪಟ್ಟಿಯನ್ನು ಅದಕ್ಕನುಗುಣವಾಗಿ ಬದಲಿಸಿದಿರಿ ಎಂದಾದರೆ, ಕೋಲ್ಬ್ ಅವರ ಹೆಸರಿಗೆ ಲೇಖನದ ನಡುವೆ ನ್ಯಾಯವಾದ ಜಾಗವಿದೆ. ನಿಮ್ಮ ಯಾವ ನಿರ್ಧಾರವನ್ನೂ ಬದಲಿಸದ ಸಿದ್ಧಾಂತ ಲೇಖನಕ್ಕೆ ಬೇಡ.

ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸವೆಂದರೆ ಹೊರಗಿನಿಂದ ಬಂದ ಪದ್ಧತಿಗಳು ನಮ್ಮ ನೆಲದಲ್ಲಿ ಎಲ್ಲಿ ಹೊಂದುವುದಿಲ್ಲ, ಹೊಂದಿಸಲು ಏನು ಮಾಡಬೇಕಾಯಿತು ಎಂಬುದನ್ನು ಬರೆಯುವುದು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ, ಅದನ್ನು ಯಾರೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನನ್ನ ಹಳೆಯ ತಕರಾರು. ಮಗುವೊಂದು ಕಾಡಿನ ನೆಲದ ಮೇಲೆ ಒಂಟಿಯಾಗಿ, ಮಾತಿಲ್ಲದೆ ಕುಳಿತು ಸುತ್ತಲನ್ನು ಗಮನಿಸುವ ‘ಸಿಟ್ ಸ್ಪಾಟ್’ ಚಟುವಟಿಕೆಯನ್ನೇ ತೆಗೆದುಕೊಳ್ಳಿ. ತಂಪು ದೇಶಗಳ ಕೈಪಿಡಿಗಳಲ್ಲಿ ಅದಕ್ಕೆ ಹೇಳಿರುವ ಎಚ್ಚರಿಕೆಗಳು ಬೇರೆ. ನಮ್ಮಲ್ಲಿ ಮಂಗನ ಕಾಯಿಲೆ ಇದೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಾದ ಈ ರೋಗ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗಗಳಲ್ಲಿಯೂ ಕಾಣಿಸಿಕೊಂಡಿದೆ, ಉಣುಗುಗಳಿಂದ ಹರಡುತ್ತದೆ, ಮಳೆಗಾಲ ಮುಗಿದ ಮೇಲೆ ನವೆಂಬರ್, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. ಶಾಲೆಗಳು ಶಿಬಿರಕ್ಕೆ ಬರುವುದೂ ಬಹುತೇಕ ಅದೇ ತಿಂಗಳುಗಳಲ್ಲಿ. ಒಣಗಿದ ತರಗೆಲೆಯ ಮೇಲೆ ಮಕ್ಕಳನ್ನು ಅರ್ಧ ಗಂಟೆ ಕೂರಿಸುವುದನ್ನು ಇಲ್ಲಿ ಯೋಚಿಸಿಯೇ ಮಾಡಬೇಕು. ಕೂರುವ ಜಾಗವನ್ನು ಬಂಡೆಗೋ ತೋಟದ ಕಣಕ್ಕೋ ಬದಲಿಸಿದಿರಾ, ಉಣುಗುಗಳನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಸಿದಿರಾ, ವಾಪಸಾದ ಮೇಲೆ ಬಟ್ಟೆ ಬದಲಿಸಿ ಮೈ ಪರೀಕ್ಷಿಸಿಕೊಳ್ಳುವ ಕ್ರಮ ಹೇಗಿತ್ತು, ಸತ್ತ ಮಂಗ ಕಂಡ ಸುದ್ದಿ ಬಂದರೆ ಆ ಕಾಡನ್ನು ಕೈಬಿಟ್ಟು ಇಲಾಖೆಗೆ ತಿಳಿಸುವ ಏರ್ಪಾಡಿದೆಯೇ ಎಂಬುದನ್ನು ಬರೆದರೆ ಅದು ಇಲ್ಲಿಯವರು ಮಾತ್ರ ಬರೆಯಬಲ್ಲ ಲೇಖನವಾಗುತ್ತದೆ.

ಬೆಂಕಿಯ ವಿಷಯವೂ ಹೀಗೆಯೇ. 1993ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಕಾಲೇಜಿನವರು ಡೆನ್ಮಾರ್ಕ್‌ಗೆ ಹೋಗಿ ನೋಡಿಬಂದ ಮೇಲೆ ಬೆಳೆದ, ಕಾಡಿನಲ್ಲೇ ಕಲಿಕೆ ನಡೆಸುವ ಫಾರೆಸ್ಟ್ ಸ್ಕೂಲ್ ಪದ್ಧತಿಯಲ್ಲಿ ಮಕ್ಕಳಿಗೆ ಬೆಂಕಿ ಹೊತ್ತಿಸಿ ನಿಭಾಯಿಸುವುದನ್ನು ಕಲಿಸುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಒಣಗಿದ ಹುಲ್ಲುಗಾವಲನ್ನು ನೋಡಿದವರು ಅದನ್ನು ಇಲ್ಲಿ ಹಾಗೆಯೇ ಮಾಡಲು ಮುಂದಾಗಲಾರರು. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೂ ಹೌದು. ಅದೇ ಕೌಶಲವನ್ನು ಮನೆಯ ಬಚ್ಚಲೊಲೆಯ ಮುಂದೆ ಕಲಿಸಬಹುದೇ, ಕಲಿಸಿದರೆ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ? ಯಾರಾದರೂ ಮಾಡಿ ನೋಡಿ ಬರೆದರೆ ನಾನು ಮೊದಲ ಓದುಗನಾಗುತ್ತೇನೆ.

ಅವಘಡಗಳ ಬಗ್ಗೆ ಖಂಡಿತ ಬರೆಯಬಹುದು, ಬರೆಯಲೂ ಬೇಕು. ಯಾರಿಗಾದರೂ ಗಂಭೀರ ಪೆಟ್ಟಾಗಿದ್ದರೆ, ಪೊಲೀಸ್ ಅಥವಾ ವಿಮೆಯ ಪ್ರಕರಣ ಬಾಕಿಯಿದ್ದರೆ ಅದು ಮುಗಿಯುವವರೆಗೆ ಬರೆಯಬೇಡಿ, ಆ ಕುಟುಂಬದ ಒಪ್ಪಿಗೆಯಿಲ್ಲದೆ ಆಮೇಲೂ ಬರೆಯಬೇಡಿ. ಸ್ವಲ್ಪದರಲ್ಲಿ ತಪ್ಪಿಹೋದ ಘಟನೆಗಳಿಗೆ ಅಂಥ ತೊಡಕು ಕಡಿಮೆ, ಕಲಿಯುವುದೂ ಅವುಗಳಿಂದಲೇ ಹೆಚ್ಚು. ಹೆಜ್ಜೇನು ಎದ್ದ ದಿನ, ಮುಳ್ಳಯ್ಯನಗಿರಿಯ ದಾರಿಯಲ್ಲಿ ಮಂಜು ಕವಿದು ಗುಂಪಿನ ಹಿಂದಿನ ಮಕ್ಕಳು ಕಾಣದಾದ ಹೊತ್ತು, ಮಾತ್ರೆ ಮರೆತು ಬಂದ ಆಸ್ತಮಾದ ಹುಡುಗ, ಇಂಥವು. ಬರೆಯುವಾಗ ಆ ಕ್ಷಣದಲ್ಲಿ ನಿಮಗೆ ಏನು ತಿಳಿದಿತ್ತೋ ಅದನ್ನು ಆ ಕ್ರಮದಲ್ಲೇ ಇಡಿ. ಕೊನೆಯಲ್ಲಿ ತಿಳಿದುಬಂದದ್ದನ್ನು ಮೊದಲೇ ಹೇಳಿಬಿಟ್ಟರೆ ಓದುಗರು ‘ಇಷ್ಟೂ ಗೊತ್ತಾಗಲಿಲ್ಲವೇ’ ಎಂದುಕೊಂಡು ಪುಟ ತಿರುಗಿಸುತ್ತಾರೆ. ನಿಮ್ಮ ಜಾಗದಲ್ಲಿ ನಿಂತು ತಾವಾದರೆ ಏನು ಮಾಡುತ್ತಿದ್ದೆವೆಂದು ಯೋಚಿಸುವ ಅವಕಾಶವೇ ಅವರಿಗೆ ಸಿಗುವುದಿಲ್ಲ. ಶಾಲೆಯನ್ನೂ ಮಕ್ಕಳನ್ನೂ ಗುರುತು ಹಿಡಿಯುವಂಥ ವಿವರಗಳು ಬೇಡ.

ಎಲ್ಲಿ ನಡೆಯಿತೆಂದು ಎಷ್ಟು ಹೇಳಬೇಕು ಎಂಬುದು ನೀವು ಕೇಳದಿದ್ದರೂ ಹೇಳಬೇಕಾದ ವಿಷಯ. ಮಂಜರಾಬಾದ್ ಕೋಟೆಯ ಹೆಸರನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಹಕ್ಕಿಯ ಗೂಡು, ಬಾವಲಿಗಳಿರುವ ಗುಹೆ, ಸೀತಾಳೆಯಂಥ ಆರ್ಕಿಡ್ ಹೂಬಿಟ್ಟ ಮರ, ಕಪ್ಪೆಗಳು ಮೊಟ್ಟೆಯಿಡುವ ಹೊಂಡ ಇವುಗಳ ನಿಖರ ಸ್ಥಳ ಅಚ್ಚಾಗಬಾರದು. ಫೋಟೊ ಕಡತದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ಅಳಿಸಿ ಕಳುಹಿಸಿ. ಕಾಡಿನೊಳಗೆ ನಡೆಸಿದ ಚಟುವಟಿಕೆಯಾದರೆ ಅರಣ್ಯ ಇಲಾಖೆಯ ಅನುಮತಿ ಯಾವ ಬಗೆಯದು, ಹೇಗೆ ಪಡೆದಿರಿ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಿಗಿಯಾಯಿತೆಂಬುದು ನಿಮಗೆ ಗೊತ್ತೇ ಇದೆ. ಅನುಮತಿಯಿಲ್ಲದ ಜಾಗವೊಂದನ್ನು ಹೊಗಳಿ ಬರೆದರೆ ಅದನ್ನು ಅನುಸರಿಸಿ ಹೋದವರ ಹೊಣೆ ನಿಮ್ಮ ಮೇಲೂ ಪತ್ರಿಕೆಯ ಮೇಲೂ ಬೀಳುತ್ತದೆ.

ಫೋಟೊಗಳ ಬಗ್ಗೆ: ಶಾಲೆ ಕೊಟ್ಟ ಒಪ್ಪಿಗೆ ಸಾಕೆಂದು ಭಾವಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾನೂನು ಏನೇ ಇರಲಿ, ಪತ್ರಿಕೆಯಲ್ಲಿ ಬರುತ್ತದೆ ಎಂದು ತಿಳಿಸಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು ಮರ್ಯಾದೆ. ನೀವು ಕಳುಹಿಸಿದ ಗುಂಪು ಫೋಟೊಗಿಂತ ತಟ್ಟೆಯ ಮೇಲೆ ಬಾಗಿದ ಕೈಗಳ ಫೋಟೊ ಓದುಗರಿಗೆ ಹೆಚ್ಚು ಹೇಳುತ್ತದೆ. ಇನ್ನೊಂದು ಮಾತು: ನಿಮ್ಮ ಮೂರನೆಯ ಫೋಟೊದಲ್ಲಿ ಒಬ್ಬ ಹುಡುಗ ಪಾಚಿಗಟ್ಟಿದ ಬಂಡೆಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದಾನೆ. ಈ ಪತ್ರಿಕೆಯ ಓದುಗರು ಲೇಖನ ಓದುವ ಮೊದಲೇ ಅದನ್ನು ಗಮನಿಸುತ್ತಾರೆ.

ಇಡೀ ಲೇಖನವನ್ನು ಮತ್ತೆ ಬರೆದು ಕಳುಹಿಸುವ ಮುನ್ನ ಸಂಪಾದಕರಿಗೆ ಒಂದು ಪುಟ ಮೀರದ ಪ್ರಸ್ತಾವವನ್ನು ಕಳುಹಿಸಿ. ಯಾವ ನಿರ್ಧಾರದ ಬಗ್ಗೆ ಬರೆಯುತ್ತೀರಿ, ಎಂಥ ಸ್ಥಳ, ಎಷ್ಟನೆಯ ತರಗತಿಯ ಮಕ್ಕಳು, ಓದುಗರು ಇದನ್ನು ಓದಿ ತಮ್ಮ ಕೆಲಸದಲ್ಲಿ ಏನನ್ನು ಬದಲಿಸಬಹುದು ಎಂಬಿಷ್ಟು ಅದರಲ್ಲಿರಲಿ. ತ್ರೈಮಾಸಿಕವಾದ್ದರಿಂದ ಋತುವಿನ ಲೆಕ್ಕ ಮುಖ್ಯ: ಹಳ್ಳಗಳ ಸುರಕ್ಷತೆಯ ಲೇಖನ ಓದುಗರ ಕೈಯಲ್ಲಿ ಮೇ ತಿಂಗಳ ಕೊನೆಗೆ ಇರಬೇಕಾದರೆ ನೀವು ಅದನ್ನು ಚಳಿಗಾಲದಲ್ಲೇ ಮುಗಿಸಿರಬೇಕು. ಕಾಫಿ ಹೂವಿನ ಕಾಲದ ಶಿಬಿರದ ಬಗ್ಗೆಯೂ ಬರೆಯುವ ಆಸೆ ಹೇಳಿದ್ದೀರಿ. ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಅರಳಿ ಕೆಲವೇ ದಿನ ನಿಲ್ಲುವ ಆ ಹೂವಿನ ಟಿಪ್ಪಣಿಗಳನ್ನು ಈ ವರ್ಷ ಮಾಡಿಕೊಂಡು ಮುಂದಿನ ವರ್ಷದ ಸಂಚಿಕೆಗೆ ಕೊಡುವುದೇ ಸರಿ.

ಗೌರವಧನ ಇಂಥ ಪತ್ರಿಕೆಗಳಲ್ಲಿ ಹೆಚ್ಚೇನೂ ಇರುವುದಿಲ್ಲ, ಕೆಲವೊಮ್ಮೆ ಇರುವುದೇ ಇಲ್ಲ. ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಹಕ್ಕುಸ್ವಾಮ್ಯವನ್ನು ಪೂರ್ತಿ ಬರೆದುಕೊಡದೆ ಪ್ರಕಟಣೆಯ ಅನುಮತಿ ಮಾತ್ರ ಕೊಟ್ಟರೆ ಅದೇ ಬರಹವನ್ನು ಮುಂದೆ ನಿಮ್ಮ ತರಬೇತಿಗಳಲ್ಲಿ ಬಳಸಲು ಅಡ್ಡಿಯಾಗದು.

ಕೊನೆಯದಾಗಿ ನಿಮ್ಮ ಮಾರ್ಗದರ್ಶಕರ ವಿಷಯ. ತರಗೆಲೆಯ ಸೂಚನೆಯನ್ನು ಕಂಡವರು ಅವರು. ಕರಡಿನಲ್ಲಿ ಅವರು ‘ಸ್ಥಳೀಯರ ಸಹಕಾರದೊಂದಿಗೆ’ ಎಂಬ ಮಾತಿನೊಳಗೆ ಕರಗಿಹೋಗಿದ್ದಾರೆ. ಆ ಸೂಚನೆಯೇ ಲೇಖನದ ತಿರುಳಾಗುವುದರಿಂದ ಕೃತಜ್ಞತೆಯ ಸಾಲು ಸಾಲದು, ಅವರು ಒಪ್ಪಿದರೆ ಸಹಲೇಖಕರೆಂದೇ ಹಾಕಬೇಕು. ಕರಡನ್ನು ಅವರ ಮುಂದೆ ಓದಿ ಹೇಳಿ. ನೀರಿನ ಬಣ್ಣ, ಬಂದ ಕಸ, ಗುಡ್ಡದ ದಿಕ್ಕು ಇವುಗಳಲ್ಲಿ ಅವರು ತಿದ್ದಿದ್ದನ್ನು ತಿದ್ದಿದಂತೆಯೇ ಬರೆದುಕೊಳ್ಳಿ. ಹೆಸರು ಬೇಡವೆಂದರೆ ಒತ್ತಾಯಿಸಬೇಡಿ. ಗೌರವಧನ ಬರುವುದಾದರೆ ಅದನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಪ್ರಸ್ತಾವ ಕಳುಹಿಸುವ ಮೊದಲೇ ಇಬ್ಬರೂ ಮಾತಾಡಿಕೊಳ್ಳಿ.